ನೂರಕ್ಕೆ ಹನ್ನೆರಡೂವರೆ: ಕಳಂಬೋಲಿಯ ನೆಲದಲ್ಲಿ ಶೇಕಡಾ ಲೆಕ್ಕದ ಚರಿತ್ರೆ

ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇ ಆರಂಭವಾಗುವ ಎಡೆಯಲ್ಲಿರುವ ಕಳಂಬೋಲಿ ರಾಯಗಡ ಜಿಲ್ಲೆಯ ಪನವೇಲ್ ತಾಲ್ಲೂಕಿಗೆ ಸೇರಿದ ಊರು. ಒಂದು ಕಾಲಕ್ಕೆ ಭತ್ತದ ಗದ್ದೆಗಳ ಮತ್ತು ಉಪ್ಪುನೀರಿನ ಖಾಡಿಗಳ ನಡುವೆ ಇದ್ದ ಈ ಹಳ್ಳಿ 1970ರ ಬಳಿಕ ನವಿ ಮುಂಬಯಿಯ ಒಂದು ಬಡಾವಣೆಯಾಯಿತು, ಕಬ್ಬಿಣ ಮತ್ತು ಉಕ್ಕಿನ ದೊಡ್ಡ ಪೇಟೆಯಾಯಿತು, 2016ರ ಅಕ್ಟೋಬರ್ 1ರಂದು ಪನವೇಲ್ ಮಹಾನಗರಪಾಲಿಕೆ ರಚನೆಯಾದಾಗ ಅದರೊಳಗೆ ಸೇರಿತು. ಈ ಬದಲಾವಣೆಯ ಚರಿತ್ರೆಯನ್ನು ಬರೆಯುವ ಯಾರೂ ಒಂದು ಸಂಖ್ಯೆಯನ್ನು ಬಿಟ್ಟು ಮುಂದೆ ಹೋಗಲಾರರು. ಸ್ಥಳೀಯರು ಮರಾಠಿಯಲ್ಲಿ ‘ಸಾಡೇಬಾರಾ ಟಕ್ಕೆ’ ಎಂದು ಕರೆಯುವ, ನೂರಕ್ಕೆ ಹನ್ನೆರಡೂವರೆ ಎಂಬ ಆ ಸಂಖ್ಯೆ ಇಲ್ಲಿ ನಿವೇಶನದ ಹೆಸರಾಗಿದೆ, ಮನೆತನಗಳ ಆಸ್ತಿಪತ್ರದ ಭಾಷೆಯಾಗಿದೆ, ಐವರ ಪ್ರಾಣ ತೆತ್ತು ಪಡೆದ ಹಕ್ಕಿನ ಗುರುತಾಗಿದೆ.

ಶೇಕಡಾ ಎಂಬುದು ಯಾವುದೇ ಒಂದು ಮೊತ್ತವನ್ನು ನೂರು ಸಮಭಾಗಗಳಾಗಿ ಭಾವಿಸಿ, ಅವುಗಳಲ್ಲಿ ಎಷ್ಟು ಭಾಗವೆಂದು ಹೇಳುವ ಕ್ರಮ. ಹಾಗೆ ಭಾಗಿಸಲ್ಪಡುವ ಇಡೀ ಮೊತ್ತವನ್ನು ಇಲ್ಲಿ ಆಧಾರ ಮೊತ್ತವೆಂದು ಕರೆಯಬಹುದು. ಗುಣಿಸಿ ನೂರರಿಂದ ಭಾಗಿಸುವ ವಿಧಾನವನ್ನು ಶಾಲೆಯ ಮಕ್ಕಳು ಬೇಗನೆ ಕಲಿಯುತ್ತಾರಾದರೂ, ಆಧಾರ ಮೊತ್ತ ಯಾವುದು ಮತ್ತು ಆ ದರವನ್ನು ಯಾರು ಗೊತ್ತುಮಾಡಿದರು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಲೆಕ್ಕದ ಫಲಕ್ಕೆ ಅರ್ಥ ಬರುವುದಿಲ್ಲ. ಕೊಂಕಣ ಮತ್ತು ಅದರ ನೆರೆಸೀಮೆಯ ಎರಡು ಸಾವಿರ ವರ್ಷಗಳ ದಾಖಲೆಗಳು ಈ ಎರಡು ಪ್ರಶ್ನೆಗಳ ಸುತ್ತಲೇ ಬೆಳೆದಿವೆ. ಕಳಂಬೋಲಿಯದು ಆ ದೀರ್ಘ ಕಥನದ ಇತ್ತೀಚಿನ ಅಧ್ಯಾಯ.

ಶಾಸನಗಳಲ್ಲಿ ನೂರರ ಲೆಕ್ಕ

ನೂರನ್ನು ಅಳತೆಗೋಲಾಗಿಟ್ಟು ಬಡ್ಡಿಯನ್ನು ಹೇಳುವ ಪದ್ಧತಿ ಭಾರತದಲ್ಲಿ ಬಹಳ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರವು ನೂರು ಪಣಕ್ಕೆ ತಿಂಗಳಿಗೆ ಒಂದೂಕಾಲು ಪಣವನ್ನು ಧರ್ಮಸಮ್ಮತ ಬಡ್ಡಿಯೆಂದು ಹೇಳಿ, ವ್ಯಾಪಾರದ ಸಾಲಕ್ಕೆ ಐದು, ಕಾಡು ದಾಟಿ ಹೋಗುವವರ ಸಾಲಕ್ಕೆ ಹತ್ತು, ಸಮುದ್ರಯಾನದವರ ಸಾಲಕ್ಕೆ ಇಪ್ಪತ್ತು ಪಣವೆಂದು ದರಗಳನ್ನು ವಿಂಗಡಿಸುತ್ತದೆ. ಅಪಾಯ ಹೆಚ್ಚಿದಂತೆ ದರವೂ ಹೆಚ್ಚಬೇಕೆಂಬ ತರ್ಕ ಇದರಲ್ಲಿ ಸ್ಪಷ್ಟವಾಗಿದ್ದು, ಸೋಪಾರ, ಕಲ್ಯಾಣಗಳಂತಹ ಬಂದರುಗಳಿದ್ದ ಉತ್ತರ ಕೊಂಕಣದ ವರ್ತಕರ ಬದುಕಿಗೆ ಇಂತಹ ಲೆಕ್ಕ ನೇರವಾಗಿ ತಟ್ಟುತ್ತಿತ್ತೆಂದು ಊಹಿಸಬಹುದು.

ಊಹೆಗೆ ಎಡೆಯಿಲ್ಲದ ಸಾಕ್ಷ್ಯ ಕಲ್ಲಿನಲ್ಲಿಯೇ ಇದೆ. ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಕ್ಷತ್ರಪ ದೊರೆ ನಹಪಾನನ ಅಳಿಯ ಉಷವದಾತನು ನಾಸಿಕದ ಗುಹೆಯೊಂದರಲ್ಲಿ ಕೊರೆಯಿಸಿದ ಶಾಸನವು 3,000 ಕಾರ್ಷಾಪಣ ನಾಣ್ಯಗಳ ದತ್ತಿಯನ್ನು ದಾಖಲಿಸುತ್ತದೆ. ಗೋವರ್ಧನದ ನೇಕಾರರ ಒಂದು ಶ್ರೇಣಿಯಲ್ಲಿ, ಅಂದರೆ ವೃತ್ತಿಸಂಘದಲ್ಲಿ, 2,000 ಕಾರ್ಷಾಪಣಗಳನ್ನು ತಿಂಗಳಿಗೆ ನೂರಕ್ಕೆ ಒಂದರ ಬಡ್ಡಿಯಂತೆಯೂ, ಇನ್ನೊಂದು ಶ್ರೇಣಿಯಲ್ಲಿ 1,000 ಕಾರ್ಷಾಪಣಗಳನ್ನು ನೂರಕ್ಕೆ ಮುಕ್ಕಾಲರ ಬಡ್ಡಿಯಂತೆಯೂ ಇರಿಸಲಾಗಿದ್ದು, ಅಸಲನ್ನು ಹಿಂದಿರುಗಿಸದೆ ಬಡ್ಡಿಯನ್ನು ಮಾತ್ರ ಬಳಸಬೇಕೆಂಬ ಕಟ್ಟಳೆ ಅದರಲ್ಲಿದೆ. ಮೊದಲ ಮೊತ್ತದ ಬಡ್ಡಿಯಿಂದ ಮಳೆಗಾಲದಲ್ಲಿ ಆ ಗುಹೆಯಲ್ಲಿ ತಂಗುವ ಇಪ್ಪತ್ತು ಭಿಕ್ಷುಗಳಿಗೆ ತಲಾ ಹನ್ನೆರಡು ಕಾರ್ಷಾಪಣಗಳ ಚೀವರದ ಹಣ, ಅಂದರೆ ಬಟ್ಟೆಯ ಖರ್ಚು, ಸಲ್ಲಬೇಕು. ತಿಂಗಳಿಗೆ ನೂರಕ್ಕೆ ಒಂದರಂತೆ 2,000ಕ್ಕೆ ವರ್ಷಕ್ಕೆ 240 ಬರುತ್ತದೆ. ಇಪ್ಪತ್ತು ಮಂದಿಗೆ ಹನ್ನೆರಡರಂತೆ ಬೇಕಾಗುವುದೂ 240. ಆಧಾರ ಮೊತ್ತ, ದರ, ಅವಧಿ, ವೆಚ್ಚ ಎಲ್ಲವನ್ನೂ ಸಾರ್ವಜನಿಕರ ಕಣ್ಣಿಗೆ ಬೀಳುವಂತೆ ಬರೆದಿಟ್ಟ ಈ ಶಾಸನವನ್ನು ಓದಿದ ಯಾರೇ ಆದರೂ ಲೆಕ್ಕವನ್ನು ಸ್ವತಃ ತಾಳೆ ನೋಡಬಹುದಾಗಿತ್ತು.

ಇದೇ ಪರಂಪರೆ ಮುಂಬಯಿಯ ಕನ್ಹೇರಿ ಗುಹೆಗಳಲ್ಲಿ ಮುಂದುವರಿಯಿತು. ರಾಷ್ಟ್ರಕೂಟ ದೊರೆ ಅಮೋಘವರ್ಷನ ಸಾಮಂತರಾಗಿ ಶಿಲಾಹಾರರು ಉತ್ತರ ಕೊಂಕಣವನ್ನು ಆಳುತ್ತಿದ್ದಾಗ, ಶಕವರ್ಷ 775ರಲ್ಲಿ, ಗೌಡದೇಶದಿಂದ ಬಂದ ಅವಿಘ್ನಾಕರನೆಂಬ ಬೌದ್ಧ ಉಪಾಸಕನು ಅಲ್ಲಿ ನೂರು ದ್ರಮ್ಮ ನಾಣ್ಯಗಳ ಅಕ್ಷಯನೀವಿಯನ್ನು ಇಟ್ಟನು. ಅಕ್ಷಯನೀವಿ ಎಂದರೆ ಅಸಲು ಕರಗದಂತೆ ಕಾದಿಟ್ಟು ಬಡ್ಡಿಯಿಂದ ಮಾತ್ರ ಧರ್ಮಕಾರ್ಯ ನಡೆಸುವ ನಿಧಿ. ಅದೇ ಅಮೋಘವರ್ಷನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿ, ಅಸಲು, ಬಡ್ಡಿ, ಕಾಲ ಇವು ಬೆರೆತ ಸಮಸ್ಯೆಗಳಿಗೆ ವಿಸ್ತಾರವಾದ ಸ್ಥಾನ ಕೊಟ್ಟನು. ಕನ್ನಡದಲ್ಲಿ ಈ ವಿದ್ಯೆಯನ್ನು ಗ್ರಂಥರೂಪಕ್ಕೆ ತಂದವನು 12ನೆಯ ಶತಮಾನದ ರಾಜಾದಿತ್ಯ; ಪೂವಿನಬಾಗೆಯವನಾದ ಈ ಜೈನ ಕವಿಯ ‘ವ್ಯವಹಾರಗಣಿತ’ವು ವ್ಯಾಪಾರ ಮತ್ತು ದಿನಬಳಕೆಯ ಲೆಕ್ಕಗಳನ್ನು ಕನ್ನಡ ಗದ್ಯಪದ್ಯಗಳಲ್ಲಿ ನಿರೂಪಿಸಿತು. ಈ ಗ್ರಂಥಗಳ ಮುಖ್ಯ ಉಪಕರಣ ತ್ರೈರಾಶಿಕ: ತಿಳಿದಿರುವ ಪ್ರಮಾಣ, ಅದರ ಫಲ, ಕೇಳಿರುವ ಇಚ್ಛೆ ಎಂಬ ಮೂರು ರಾಶಿಗಳಿಂದ ನಾಲ್ಕನೆಯದನ್ನು ಕಂಡುಹಿಡಿಯುವ ಕ್ರಮ. ಪ್ರಮಾಣದ ಜಾಗದಲ್ಲಿ ನೂರನ್ನಿಟ್ಟರೆ ತ್ರೈರಾಶಿಕವೇ ಶೇಕಡಾ ಲೆಕ್ಕವಾಗುತ್ತದೆ.

ಆಣೆಯಲ್ಲಿ ಅಡಗಿದ್ದ ಶೇಕಡಾ

ವಸಾಹತು ಕಾಲದ ಪೇಟೆ ಮತ್ತು ಹೊಲಗಳಲ್ಲಿ ಜನರು ನೂರಕ್ಕಿಂತ ಹದಿನಾರನ್ನು ಹೆಚ್ಚು ಬಳಸಿದರು, ಏಕೆಂದರೆ ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಜಾರಿಗೆ ಬರುವವರೆಗೂ ಅರ್ಧ, ಕಾಲು, ಅರೆಕಾಲುಗಳೇ ಪಾಲಿನ ಸಹಜ ಮಾತಾಗಿದ್ದವು. ಕನ್ನಡ ಶಾಲೆಗಳಲ್ಲಿ ಕಾಲು, ಅರೆ, ಮುಕ್ಕಾಲುಗಳ ಮಗ್ಗಿಗಳನ್ನೂ, ಮರಾಠಿ ಶಾಲೆಗಳಲ್ಲಿ ಪಾವಕಿ, ನಿಮಕಿ, ಪಾವುಣಕಿ, ಸವಾಯಕಿ, ದಿಡಕಿ ಎಂಬ ಭಿನ್ನರಾಶಿಯ ಮಗ್ಗಿಗಳನ್ನೂ ಬಾಯಿಪಾಠ ಮಾಡಿಸುತ್ತಿದ್ದುದು ಈ ವ್ಯವಹಾರಕ್ಕೆ ಬೇಕಾದ ಸಿದ್ಧತೆಯೇ ಆಗಿತ್ತು. ಇವುಗಳಲ್ಲಿ ಸವಾಯಕಿ ಒಂದೂಕಾಲರ ಮಗ್ಗಿ, ದಿಡಕಿ ಒಂದೂವರೆಯ ಮಗ್ಗಿ. ಇಂತಹ ಮಗ್ಗಿ ಬಲ್ಲವನಿಗೆ ನೂರಕ್ಕೆ ಹನ್ನೆರಡೂವರೆ ಎಂದರೆ ರೂಪಾಯಿಗೆ ಎರಡಾಣೆ, ಎಂಟರಲ್ಲಿ ಒಂದು ಪಾಲು ಎಂದು ಕೂಡಲೇ ಹೊಳೆಯುತ್ತಿತ್ತು.

ಭೂಮಿಯ ದಾಖಲೆಗಳೂ ಆಣೆಯ ಭಾಷೆಯಲ್ಲಿಯೇ ಇದ್ದವು. ಮಹಾರಾಷ್ಟ್ರದಲ್ಲಿ ‘ಸಾತ್‌ಬಾರಾ’ ಎಂದು ಪ್ರಸಿದ್ಧವಾದ, ನಮ್ಮ ಪಹಣಿಯಂತಹ ಹಕ್ಕುಪತ್ರದಲ್ಲಿ ಸಹೋದರರ ಪಾಲುಗಳನ್ನು ಆಣೆ-ಪೈಗಳಲ್ಲಿ ಬರೆಯುವ ರೂಢಿಯಿತ್ತು. ಬೆಳೆಯ ಇಳುವರಿಯನ್ನು ಅಂದಾಜು ಮಾಡುವ ಸರಕಾರಿ ಕ್ರಮಕ್ಕೆ ಆಣೆವಾರಿ ಎಂದೇ ಹೆಸರು: ಹದಿನಾರಾಣೆ ಬೆಳೆಯೆಂದರೆ ಪೂರ್ಣ ಬೆಳೆ, ಅದಕ್ಕಿಂತ ಎಷ್ಟು ಆಣೆ ಕಡಿಮೆಯಾಯಿತೆಂಬುದರ ಮೇಲೆ ಕಂದಾಯದ ರಿಯಾಯಿತಿ ನಿಂತಿತ್ತು. ಅದೇ ಲೆಕ್ಕ ಈಗ ನೂರು ಪೈಸೆಯ ಆಧಾರದ ಪೈಸೆವಾರಿಯಾಗಿ ಉಳಿದಿದೆ.

ಪಾಲಿನ ಪ್ರಮಾಣವನ್ನು ಯಾರು ಗೊತ್ತುಮಾಡಬೇಕೆಂಬ ಪ್ರಶ್ನೆಯೂ ಈ ಸೀಮೆಯಲ್ಲಿ ಮೊದಲೇ ಎದ್ದಿತ್ತು. ಆಗ ಕೊಲಾಬಾ ಎಂಬ ಹೆಸರಿದ್ದ ಇಂದಿನ ರಾಯಗಡ ಜಿಲ್ಲೆಯ ಅಲಿಬಾಗ್ ತಾಲ್ಲೂಕಿನ ಚರಿ ಗ್ರಾಮದಲ್ಲಿ ಗೇಣಿದಾರರು ನಾರಾಯಣ ನಾಗು ಪಾಟೀಲರ ಮುಂದಾಳುತನದಲ್ಲಿ 1933ರಿಂದ 1939ರವರೆಗೆ ಖೋತರ ವಿರುದ್ಧ ಮುಷ್ಕರ ಹೂಡಿ ಗದ್ದೆಗಳನ್ನು ಉಳದೆ ಬಿಟ್ಟರು. ಖೋತರೆಂದರೆ ಹಳ್ಳಿಯ ಕಂದಾಯ ವಸೂಲಿಯ ಹಕ್ಕು ಪಡೆದು ರೈತರಿಂದ ಬೆಳೆಯ ಪಾಲೆತ್ತುತ್ತಿದ್ದ ಒಡೆಯರು. ಬೆಳೆಯಲ್ಲಿ ದುಡಿದವನಿಗೆ ಎಷ್ಟು, ಒಡೆಯನಿಗೆ ಎಷ್ಟು ಎಂಬ ಭಾಗದ ಲೆಕ್ಕವೇ ಆ ಹೋರಾಟದ ತಿರುಳಾಗಿತ್ತು.

ಸಾಡೇಬಾರಾ ಟಕ್ಕೆ

ಇಷ್ಟು ಹಿನ್ನೆಲೆಯಿದ್ದ ನೆಲದ ಮೇಲೆ ಹೊಸ ನಗರವೊಂದು ಯೋಜಿತವಾಯಿತು. ಮುಂಬಯಿಯ ದಟ್ಟಣೆಯನ್ನು ತಗ್ಗಿಸಲು ಖಾಡಿಯಾಚೆ ಅವಳಿ ನಗರ ಕಟ್ಟಬೇಕೆಂದು ವಾಸ್ತುಶಿಲ್ಪಿಗಳಾದ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ ಮತ್ತು ಎಂಜಿನಿಯರ್ ಶಿರೀಷ್ ಪಟೇಲ್ 1960ರ ದಶಕದ ನಡುವಿನಲ್ಲಿ ಮುಂದಿಟ್ಟ ವಿಚಾರವನ್ನು ಸರಕಾರ ಒಪ್ಪಿಕೊಂಡು, 1970ರ ಮಾರ್ಚ್ 17ರಂದು ಸಿಡ್ಕೊ ಎಂಬ ನಗರ ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿತು. ಠಾಣೆ, ಪನವೇಲ್ ಮತ್ತು ಉರಣ್ ತಾಲ್ಲೂಕುಗಳ 95 ಹಳ್ಳಿಗಳನ್ನೊಳಗೊಂಡ ಸುಮಾರು 344 ಚದರ ಕಿಲೋಮೀಟರ್ ಪ್ರದೇಶ ಈ ಯೋಜನೆಗೆ ಒಳಪಟ್ಟಿತು. ಭತ್ತ ಬೆಳೆಯುತ್ತ, ಉಪ್ಪಿನ ಆಗರಗಳಲ್ಲಿ ದುಡಿಯುತ್ತ, ಮೀನು ಹಿಡಿಯುತ್ತ ಬಂದಿದ್ದ ಆಗರಿ ಮತ್ತು ಕೋಳಿ ಸಮುದಾಯಗಳ ಹೊಲಗಳು ಸ್ವಾಧೀನವಾದವು. ಗಾವಠಾಣ ಎಂದು ಕರೆಯುವ ಮೂಲ ಊರಿನ ಮನೆಗಳ ಜಾಗ ಮಾತ್ರ ಉಳಿಯಿತು.

ಆ ಸ್ವಾಧೀನ ನಡೆದದ್ದು 1894ರ ಭೂಸ್ವಾಧೀನ ಕಾಯ್ದೆಯ ನೆರಳಿನಲ್ಲಿ. ಮಾರುಕಟ್ಟೆ ಬೆಲೆಯ ಮೇಲೆ, ಮಾಲೀಕನ ಇಚ್ಛೆಗೆ ವಿರುದ್ಧವಾಗಿ ಭೂಮಿ ಕಸಿದುಕೊಂಡದ್ದಕ್ಕಾಗಿ, ಸಾಂತ್ವನ ಧನವೆಂಬ ಹೆಚ್ಚುವರಿ ಹಣವನ್ನು ನೂರಕ್ಕೆ 15ರಂತೆ ಕೊಡಬೇಕೆಂದು ಆ ಕಾಯ್ದೆ ಹೇಳುತ್ತಿತ್ತು. ಆದರೆ ಆಧಾರ ಮೊತ್ತವಾದ ಮಾರುಕಟ್ಟೆ ಬೆಲೆಯನ್ನು ಸ್ವಾಧೀನದ ಪ್ರಕಟಣೆ ಹೊರಡುವ ದಿನಕ್ಕೆ ನಿಲ್ಲಿಸಿ ಎಣಿಸುತ್ತಿದ್ದುದರಿಂದ, ನಗರ ಬೆಳೆದಂತೆ ಅದೇ ನೆಲದ ಬೆಲೆ ಎಷ್ಟೇ ಏರಿದರೂ ಆ ಏರಿಕೆಯಲ್ಲಿ ರೈತನಿಗೆ ಪಾಲಿರಲಿಲ್ಲ. ಹೊಲವನ್ನು ಭತ್ತದ ಹೊಲವೆಂದು ಕೊಂಡು ನಗರದ ನಿವೇಶನವೆಂದು ಹಂಚಿದಾಗ ಹುಟ್ಟುವ ಅಂತರ ಯಾರಿಗೆ ಸೇರಬೇಕೆಂಬುದೇ ಮುಂದಿನ ಹೋರಾಟದ ಮೂಲಪ್ರಶ್ನೆಯಾಯಿತು.

ಆ ಪ್ರಶ್ನೆಯನ್ನು ಬೀದಿಗೆ ತಂದವರು ಶೇತಕರಿ ಕಾಮಗಾರ್ ಪಕ್ಷದ ದಿನಕರ ಬಾಳು ಪಾಟೀಲರು. ಉರಣ್ ತಾಲ್ಲೂಕಿನ ಜಾಸಯಿಯಲ್ಲಿ 1926ರಲ್ಲಿ ಹುಟ್ಟಿ, ಪನವೇಲ್ ಕ್ಷೇತ್ರವನ್ನು ಐದು ಬಾರಿ ವಿಧಾನಸಭೆಯಲ್ಲಿ ಪ್ರತಿನಿಧಿಸಿ, ಎರಡು ಬಾರಿ ಲೋಕಸಭಾ ಸದಸ್ಯರಾಗಿದ್ದ ಇವರನ್ನು ಜನರು ‘ದಿಬಾ’ ಎಂದೇ ಕರೆದರು. 1984ರ ಜನವರಿ 16 ಮತ್ತು 17ರಂದು ಜಾಸಯಿ ಪರಿಸರದಲ್ಲಿ ಭೂಸ್ವಾಧೀನವನ್ನು ವಿರೋಧಿಸಿ ಸೇರಿದ್ದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದಾಗ ಐವರು ಮಡಿದರು. ಸ್ವಾಧೀನವಾದ ಭೂಮಿಯ ನೂರಕ್ಕೆ ಹನ್ನೆರಡೂವರೆಯಷ್ಟನ್ನು ಅಭಿವೃದ್ಧಿಪಡಿಸಿದ ನಿವೇಶನವಾಗಿ ಮೂಲ ರೈತರಿಗೆ ಮರಳಿಸಬೇಕೆಂಬ ತತ್ವ ಈ ಹೋರಾಟದಿಂದ ಮೂಡಿತು. 1990 ಮತ್ತು 1994ರ ಸರಕಾರಿ ಆದೇಶಗಳು ಅದಕ್ಕೆ ನಿಯಮದ ರೂಪ ಕೊಟ್ಟವು. ಅದೇ 1984ರಲ್ಲಿ ಸಂಸತ್ತು ಭೂಸ್ವಾಧೀನ ಕಾಯ್ದೆಯನ್ನು ತಿದ್ದಿ ಸಾಂತ್ವನ ಧನವನ್ನು 15ರಿಂದ 30ಕ್ಕೆ ಏರಿಸಿತು. ಈ ಏರಿಕೆಯನ್ನು ಹೇಳುವಾಗ ಎಚ್ಚರ ಬೇಕು: ದರ ಹೆಚ್ಚಿದ್ದು ಹದಿನೈದು ಶೇಕಡಾ ಅಂಶಗಳಷ್ಟು, ಆದರೆ ಹಿಂದಿನ ದರಕ್ಕೆ ಹೋಲಿಸಿದರೆ ಅದು ನೂರಕ್ಕೆ ನೂರರ ಏರಿಕೆ. ಎರಡು ದರಗಳ ನಡುವಣ ನೇರ ವ್ಯತ್ಯಾಸವೇ ಶೇಕಡಾ ಅಂಶ.

ಯೋಜನೆಯ ಲೆಕ್ಕವನ್ನು ಗುಂಟೆಗಳಲ್ಲಿ ಮಾಡಿದರೆ ಅದರ ಒಳಗು ಸ್ಪಷ್ಟವಾಗುತ್ತದೆ. ಒಂದು ಎಕರೆಗೆ 40 ಗುಂಟೆ. ಅದರ ಹನ್ನೆರಡೂವರೆ ಶೇಕಡಾ ಎಂದರೆ ಎಂಟನೆಯ ಒಂದು ಭಾಗ, ಅಂದರೆ 5 ಗುಂಟೆ. ಆದರೆ ಈ ಪಾಲಿನಿಂದ ನೂರಕ್ಕೆ 30ರಷ್ಟನ್ನು ರಸ್ತೆ, ಶಾಲೆ, ಮೈದಾನಗಳಂತಹ ಸಾಮಾಜಿಕ ಸೌಕರ್ಯಗಳಿಗಾಗಿ ಕಳೆಯುವುದರಿಂದ ಒಂದೂವರೆ ಗುಂಟೆ ಹೋಗಿ, ರೈತನ ಕೈಗೆ ಬರುವುದು ಮೂರೂವರೆ ಗುಂಟೆ, ಸುಮಾರು 354 ಚದರ ಮೀಟರ್. ಮೂಲ ಎಕರೆಯನ್ನು ಆಧಾರವಾಗಿಟ್ಟರೆ ಇದು ನೂರಕ್ಕೆ 8.75. ಇಲ್ಲಿ 30 ಎಂಬುದು 12.5ರ ಮೇಲಿನ 30. ಎಕರೆಯ ಮೇಲಿನ 30 ಅಲ್ಲ. ಇದನ್ನು ಗ್ರಹಿಸದವನು ಐದು ಗುಂಟೆಯ ನಿರೀಕ್ಷೆಯಲ್ಲಿ ಮೂರೂವರೆಯ ಪತ್ರಕ್ಕೆ ಸಹಿ ಹಾಕಬೇಕಾಗುತ್ತದೆ. ಆ ಮೂರೂವರೆ ಗುಂಟೆಯೂ ಸಾತ್‌ಬಾರಾದಲ್ಲಿ ಹೆಸರಿರುವ ವಾರಸುದಾರರ ನಡುವೆ ಮತ್ತೆ ಪಾಲಾಗುತ್ತದೆ: ನಾಲ್ವರು ಸಮಾನ ಹಕ್ಕುದಾರರಿದ್ದರೆ ಪ್ರತಿಯೊಬ್ಬರಿಗೂ ಒಂದು ಗುಂಟೆಗಿಂತ ಕಡಿಮೆ.

ನಿವೇಶನದ ಮೇಲೆ ಎಷ್ಟು ಕಟ್ಟಬಹುದೆಂಬುದು ಇನ್ನೊಂದು ಅನುಪಾತ. ನಿವೇಶನದ ವಿಸ್ತೀರ್ಣಕ್ಕೂ ಕಟ್ಟಡದ ಎಲ್ಲ ಅಂತಸ್ತುಗಳ ಒಟ್ಟು ವಿಸ್ತೀರ್ಣಕ್ಕೂ ಇರುವ ಈ ಅನುಪಾತವನ್ನು ಎಫ್‌ಎಸ್‌ಐ ಎನ್ನುತ್ತಾರೆ. ಈ ಯೋಜನೆಯ ನಿವೇಶನಗಳಿಗೆ ಅದನ್ನು 1.5 ಎಂದು ಗೊತ್ತುಮಾಡಲಾಗಿತ್ತು. ಸ್ವತಃ ಕಟ್ಟಲು ಬಂಡವಾಳವಿಲ್ಲದ ಅನೇಕ ಮನೆತನಗಳು ನಿವೇಶನವನ್ನು ಬಿಲ್ಡರುಗಳಿಗೆ ಒಪ್ಪಿಸಿ, ಕಟ್ಟಿದ ಜಾಗದಲ್ಲಿ ಇಂತಿಷ್ಟು ಶೇಕಡಾ ಎಂಬ ಕರಾರು ಮಾಡಿಕೊಂಡವು. ಕಳಂಬೋಲಿಗೆ ತಾಗಿದ ರೋಡ್‌ಪಾಲಿಯಲ್ಲೂ ನೆರೆಯ ಕಾಮೋಠೆಯಲ್ಲೂ ಸಾಲುಗಟ್ಟಿ ಎದ್ದ ವಸತಿ ಕಟ್ಟಡಗಳಲ್ಲಿ ಬಹಳಷ್ಟು ಇಂತಹ ನಿವೇಶನಗಳ ಮೇಲೆಯೇ ನಿಂತಿವೆ. ಅಲ್ಲಿ ಫ್ಲ್ಯಾಟು ಕೊಳ್ಳುವ ಹೊರಗಿನವರಿಗೂ ‘ಸಾಡೇಬಾರಾ ಟಕ್ಕೆ’ಯ ನಿವೇಶನವೆಂಬ ಮಾತು ಹೀಗೆ ಪರಿಚಿತವಾಯಿತು.

ಈ ಸಂಖ್ಯೆ ಅಲ್ಲಿಗೇ ನಿಲ್ಲಲಿಲ್ಲ. 2013ರ ಹೊಸ ಭೂಸ್ವಾಧೀನ ಕಾಯ್ದೆ ಸಾಂತ್ವನ ಧನವನ್ನು ನೂರಕ್ಕೆ ನೂರಾಗಿಸಿತಲ್ಲದೆ, ನಗರೀಕರಣಕ್ಕಾಗಿ ಭೂಮಿ ಪಡೆದಾಗ ಅಭಿವೃದ್ಧಿಪಡಿಸಿದ ಭೂಮಿಯ ನೂರಕ್ಕೆ 20ನ್ನು ಮೂಲ ಭೂಮಾಲೀಕರಿಗೆಂದು ಕಾಯ್ದಿರಿಸಬೇಕೆಂದು ವಿಧಿಸಿತು. 2025ರ ಅಕ್ಟೋಬರ್ 8ರಂದು ಉದ್ಘಾಟನೆಗೊಂಡ ನವಿ ಮುಂಬಯಿ ವಿಮಾನ ನಿಲ್ದಾಣಕ್ಕಾಗಿ ಭೂಮಿ ಬಿಟ್ಟುಕೊಟ್ಟ ಪನವೇಲ್ ತಾಲ್ಲೂಕಿನ ರೈತರಿಗೆ ನಗದು ಪರಿಹಾರದ ಬದಲು ನೂರಕ್ಕೆ 22.5ರಷ್ಟು ಅಭಿವೃದ್ಧಿಪಡಿಸಿದ ಭೂಮಿಯನ್ನು ಗೊತ್ತುಮಾಡಲಾಯಿತು. ಮೊದಲು ಹಣವನ್ನಷ್ಟೇ ಎಣಿಸುತ್ತಿದ್ದ ಪರಿಹಾರದ ಲೆಕ್ಕ ಭೂಮಿಯ ಪಾಲನ್ನು ಎಣಿಸುವಂತಾದದ್ದು ಜಾಸಯಿಯ ರೈತರು ಆಧಾರ ಮೊತ್ತದ ಪ್ರಶ್ನೆಯನ್ನು ಕೈಬಿಡದೆ ಕೇಳಿದ್ದರ ಫಲ.

ಪೇಟೆ ಮತ್ತು ಮನೆಯ ಲೆಕ್ಕ

ಮುಂಬಯಿಯ ಕಾರ್ನಾಕ್ ಬಂದರ್ ಮತ್ತು ದಾರೂಖಾನಾ ಪ್ರದೇಶಗಳ ಕಬ್ಬಿಣ ವ್ಯಾಪಾರವನ್ನು ನಗರದಿಂದ ಹೊರಗೆ ಸಾಗಿಸುವ ಉದ್ದೇಶದಿಂದ ಕಳಂಬೋಲಿಯಲ್ಲಿ ಉಕ್ಕಿನ ಮಾರುಕಟ್ಟೆ ರೂಪುಗೊಂಡಿತು. ಇಲ್ಲಿ ಸರಕನ್ನು ಹೊರುವ ಮಾಥಾಡಿ ಕಾರ್ಮಿಕರಿಗೆ, ಅಂದರೆ ತಲೆಹೊರೆಯ ಹಮಾಲರಿಗೆ, 1969ರ ಮಹಾರಾಷ್ಟ್ರ ಮಾಥಾಡಿ ಕಾಯ್ದೆ ರಕ್ಷಣೆ ಕೊಟ್ಟಿದ್ದು, ಅದೂ ಒಂದು ಶೇಕಡಾ ಏರ್ಪಾಟಿನ ಮೂಲಕವೇ: ವ್ಯಾಪಾರಿ ಕೂಲಿಯ ಜೊತೆಗೆ ಕೂಲಿಯ ಇಂತಿಷ್ಟು ಶೇಕಡಾವನ್ನು ಲೆವಿಯಾಗಿ ಆ ಕಾಯ್ದೆಯಡಿಯ ಮಂಡಳಿಗೆ ಕಟ್ಟಬೇಕು, ಮಂಡಳಿ ಅದರಿಂದ ಭವಿಷ್ಯನಿಧಿ, ಬೋನಸ್, ರಜೆಯ ವೇತನ, ಔಷಧೋಪಚಾರಗಳನ್ನು ನಡೆಸಬೇಕು. ಒಬ್ಬ ಮಾಲೀಕನಿಗೆ ಕಟ್ಟುಬೀಳದೆ ದಿನಕ್ಕೊಂದು ಅಂಗಡಿಯಲ್ಲಿ ದುಡಿಯುವವನಿಗೂ ಕಾಯಂ ನೌಕರನ ಸೌಲಭ್ಯ ಹೀಗೆ ಸಾಧ್ಯವಾಯಿತು.

2017ರ ಜುಲೈ 1ರಿಂದ ಜಾರಿಗೆ ಬಂದ ಜಿಎಸ್‌ಟಿ ಉಕ್ಕಿನ ಮೇಲೆ ನೂರಕ್ಕೆ 18ರಷ್ಟಿದ್ದು, ರಾಜ್ಯದೊಳಗಿನ ಮಾರಾಟದಲ್ಲಿ ಕೇಂದ್ರಕ್ಕೂ ರಾಜ್ಯಕ್ಕೂ ತಲಾ 9ರಂತೆ ಹಂಚಿಕೆಯಾಗುತ್ತದೆ. ಉದಾಹರಣೆಗೆ ಟನ್ನಿಗೆ 50,000 ರೂಪಾಯಿಯ ಸರಕಿಗೆ ತೆರಿಗೆ ಸೇರಿ 59,000 ಆಗುತ್ತದೆ. 59,000ದಿಂದ ಮೂಲ ಬೆಲೆಯನ್ನು ಹಿಂದಕ್ಕೆ ತೆಗೆಯಬೇಕಾದಾಗ ಅದರ 18 ಶೇಕಡಾವನ್ನು ಕಳೆದರೆ 48,380 ಬಂದು 1,620 ರೂಪಾಯಿ ತಪ್ಪುತ್ತದೆ, ಏಕೆಂದರೆ 18 ಸೇರಿದ್ದು ನೂರರ ಮೇಲೆ, ಕಳೆಯುತ್ತಿರುವುದು ನೂರಹದಿನೆಂಟರಿಂದ. 118ರಿಂದ ಭಾಗಿಸಿ ನೂರರಿಂದ ಗುಣಿಸುವುದೇ ಸರಿಯಾದ ದಾರಿ.

ಮನೆಯ ಖರ್ಚಿನಲ್ಲೂ ಇದೇ ವಿವೇಕ ಬೇಕಾಗುತ್ತದೆ. ಮಹಾರಾಷ್ಟ್ರದ ಸಹಕಾರಿ ವಸತಿ ಸಂಘಗಳಲ್ಲಿ ಮಾಲೀಕನು ತಾನು ವಾಸಿಸದೆ ಬಾಡಿಗೆಗೆ ಕೊಟ್ಟ ಫ್ಲ್ಯಾಟಿಗೆ ಹೆಚ್ಚುವರಿ ಶುಲ್ಕವನ್ನು ಸೇವಾ ಶುಲ್ಕದ ನೂರಕ್ಕೆ 10ಕ್ಕಿಂತ ಹೆಚ್ಚಾಗಿ ಪಡೆಯಬಾರದೆಂದು 2001ರ ಸರಕಾರಿ ಆದೇಶ ಹೇಳುತ್ತದೆ. ಆಧಾರ ಮೊತ್ತ ಸೇವಾ ಶುಲ್ಕ ಮಾತ್ರ, ಇಡೀ ಮಾಸಿಕ ಬಿಲ್ಲಲ್ಲ. ಹಾಗೆಯೇ ಕರ್ನಾಟಕದ ಹಳ್ಳಿಗಳಲ್ಲಿ ‘ಎರಡು ರೂಪಾಯಿ ಬಡ್ಡಿ’ ಎಂಬ ಮಾತು ಕೇಳಲು ಹಗುರವಾದರೂ, ಅದು ತಿಂಗಳಿಗೆ ನೂರಕ್ಕೆ ಎರಡು, ವರ್ಷಕ್ಕೆ ನೂರಕ್ಕೆ 24. ಉಷವದಾತನ ಕಾಲದ ತಿಂಗಳ ಲೆಕ್ಕ ಇಂದಿಗೂ ಬಾಯಿಮಾತಿನಲ್ಲಿ ಉಳಿದಿದ್ದು, ಅದನ್ನು ವರ್ಷಕ್ಕೆ ಪರಿವರ್ತಿಸದೆ ಬ್ಯಾಂಕಿನ ದರದೊಡನೆ ಹೋಲಿಸಿದರೆ ಸಾಲಗಾರ ಮೋಸಹೋಗುತ್ತಾನೆ. ಕರಾವಳಿ ಕರ್ನಾಟಕದಿಂದ ಮುಂಬಯಿಗೆ ಬಂದವರು ಸಹಕಾರಿ ಸಂಸ್ಥೆಗಳನ್ನು ಕಟ್ಟಿಕೊಂಡದ್ದರ ಹಿಂದೆ ಇಂತಹ ಸಾಲದಿಂದ ಬಿಡುಗಡೆಯ ಹಂಬಲವೂ ಇತ್ತು. ಚಿತ್ರಾಪುರ ಸಾರಸ್ವತ ಸಮುದಾಯದ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು 1906ರಲ್ಲಿ ಆರಂಭಿಸಿದ ಶಾಮರಾವ್ ವಿಠ್ಠಲ್ ಸಹಕಾರಿ ಸಾಲ ಸಂಘ ಮುಂದೆ ಬ್ಯಾಂಕಾಗಿ ಬೆಳೆದದ್ದು ಅದರ ಗಟ್ಟಿ ನಿದರ್ಶನ.

ಪಾಠವಾಗಬೇಕಾದ ನೆಲ

ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿ ಶಾಲೆಗಳಲ್ಲಿ ಓದಿದ ಮುಂಬಯಿ ಕನ್ನಡಿಗರ ತಲೆಮಾರುಗಳಿಗೆ ಲೆಕ್ಕವೆಂಬುದು ಗಲ್ಲಾಪೆಟ್ಟಿಗೆಯ ಬಳಿಯಲ್ಲೇ ಅರ್ಥವಾದ ವಿದ್ಯೆಯಾಗಿತ್ತು. ಇಂದಿನ ವಿದ್ಯಾರ್ಥಿಗೆ ಶೇಕಡಾ ಮೊದಲು ಎದುರಾಗುವುದು ಅಂಕಪಟ್ಟಿಯಲ್ಲಿ: ತೇರ್ಗಡೆಗೆ ಇಷ್ಟು, ಪ್ರಥಮ ದರ್ಜೆಗೆ ಇಷ್ಟು. ಪ್ರವೇಶ ಪರೀಕ್ಷೆಗಳಲ್ಲಿ ಕಾಣುವ ಪರ್ಸೆಂಟೈಲ್ ಇದಕ್ಕಿಂತ ಬೇರೆಯಾದದ್ದು. ಶೇಕಡಾ ಅಂಕಕ್ಕೆ ಒಟ್ಟು ಅಂಕಗಳು ಆಧಾರವಾದರೆ, ಪರ್ಸೆಂಟೈಲಿಗೆ ಪರೀಕ್ಷೆ ಬರೆದ ಇತರ ವಿದ್ಯಾರ್ಥಿಗಳೇ ಆಧಾರ. 90 ಪರ್ಸೆಂಟೈಲ್ ಎಂದರೆ ಸುಮಾರಾಗಿ ನೂರರಲ್ಲಿ ತೊಂಬತ್ತು ಮಂದಿ ಅಷ್ಟೇ ಅಥವಾ ಅದಕ್ಕಿಂತ ಕಡಿಮೆ ಅಂಕ ಪಡೆದಿದ್ದಾರೆಂದು ಅರ್ಥ. ಆ ವಿದ್ಯಾರ್ಥಿಗೆ ತೊಂಬತ್ತು ಅಂಕ ಬಂದಿರಬೇಕೆಂದೇನೂ ಇಲ್ಲ.

ಪಠ್ಯಪುಸ್ತಕಗಳು ಲಾಭ-ನಷ್ಟ, ಸರಳ ಬಡ್ಡಿಗಳನ್ನು ಕಲಿಸುವಾಗ ಆಧಾರ ಮೊತ್ತವನ್ನೂ ದರವನ್ನೂ ಸಮಸ್ಯೆಯೊಳಗೇ ಕೊಟ್ಟುಬಿಡುತ್ತವೆ. ಬದುಕಿನಲ್ಲಿ ಅವೆರಡನ್ನೂ ಹುಡುಕಿ ತೆಗೆಯಬೇಕು, ಕೆಲವೊಮ್ಮೆ ಹೋರಾಡಿ ಬದಲಿಸಬೇಕು. ಉಷವದಾತನ ಶಾಸನ ಮತ್ತು ಸಾಡೇಬಾರಾ ಟಕ್ಕೆಯ ಗುಂಟೆ ಲೆಕ್ಕ ಎರಡನ್ನೂ ಪನವೇಲಿನ, ಮುಂಬಯಿಯ, ಕರ್ನಾಟಕದ ತರಗತಿಗಳಲ್ಲಿ ಅಭ್ಯಾಸದ ಸಮಸ್ಯೆಗಳಾಗಿ ಇಡುವುದು ಯೋಗ್ಯ. ಕೈಗಾರಿಕೆಗೋ ರಸ್ತೆಗೋ ಭೂಮಿ ಕೊಡಬೇಕಾದ ರೈತನ ಮಗಳು ಪರಿಹಾರದ ಆದೇಶವನ್ನು ತಾನೇ ಓದಿ, ನೂರಕ್ಕೆ ಎಷ್ಟು, ಯಾವುದರ ನೂರಕ್ಕೆ, ಕಡಿತದ ಬಳಿಕ ಎಷ್ಟು ಎಂದು ಅಧಿಕಾರಿಯ ಮುಂದೆ ಲೆಕ್ಕ ಹಾಕಿ ತೋರಿಸಬಲ್ಲವಳಾದರೆ, ಶೇಕಡಾವನ್ನು ಶಾಲೆಯಲ್ಲಿ ಕಲಿಸುವುದಕ್ಕೆ ಅದಕ್ಕಿಂತ ದೊಡ್ಡ ಸಮರ್ಥನೆ ಬೇಕಾಗುವುದಿಲ್ಲ.